ಕುದಿಸಿದರೂ ಅಳಿಯದ ಬೀಜಾಣುಗಳು: ಮಣ್ಣಿನಿಂದ ಬರುವ ಕೆಲವು ರೋಗಗಳ ವಿಚಾರ

ನೀರನ್ನು ಸೋಸಿ, ಕುದಿಸಿ, ಮರ್ಯಾದೆಯ ಅವಧಿಯೊಳಗೆ ಬಳಸುವ ನಿಯಮವುಳ್ಳ ಶ್ರಾವಕ-ಶ್ರಾವಿಕೆಯರು ಆಗಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು: ಚೆನ್ನಾಗಿ ಕುದಿಸಿದ ನೀರಿನಲ್ಲಿ ಯಾವ ಸೂಕ್ಷ್ಮಜೀವಿಯೂ ಉಳಿಯಲಾರದಲ್ಲವೆ? ಈ ಪ್ರಶ್ನೆಗೆ ‘ಬಹುಮಟ್ಟಿಗೆ ನಿಜ, ಪೂರ್ಣವಾಗಿ ಅಲ್ಲ’ ಎಂದೇ ಉತ್ತರಿಸಬೇಕಾಗುತ್ತದೆ. ಕಾಲರಾ, ವಿಷಮಶೀತಜ್ವರ, ಆಮಶಂಕೆ ಮೊದಲಾದ ರೋಗಗಳನ್ನು ತರುವ ಜೀವಿಗಳು ಕುದಿಯುವ ನೀರಿನಲ್ಲಿ ಬದುಕಲಾರವು. ಆದರೆ ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಂಪು ಇದೆ. ಅವು ತಮಗೆ ಕಷ್ಟಕಾಲ ಬಂದಾಗ ಬೀಜಾಣು ಎಂಬ ಗಟ್ಟಿ ಕವಚದ ರೂಪವನ್ನು ತಾಳುತ್ತವೆ. ನೂರು ಡಿಗ್ರಿಯ ಕುದಿನೀರು ಈ ಬೀಜಾಣುಗಳಲ್ಲಿ ಅನೇಕವನ್ನು ಏನೂ ಮಾಡಲಾರದು. ಈ ವಿಷಯವು ನಮ್ಮ ಹೊಲ, ದನದ ಕೊಟ್ಟಿಗೆ, ಬಾಣಂತಿಯ ಕೋಣೆ, ಅಡಿಗೆಮನೆ ಇವೆಲ್ಲಕ್ಕೂ ಸಂಬಂಧಿಸಿದ್ದಾದುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿವೇಚಿಸಲಾಗಿದೆ.

ಮೊದಲು ಬೀಜಾಣುವೆಂದರೇನೆಂಬುದನ್ನು ತಿಳಿಯೋಣ. ಬ್ಯಾಸಿಲಸ್ ಮತ್ತು ಕ್ಲಾಸ್ಟ್ರಿಡಿಯಂ ಎಂಬ ಎರಡು ಕುಲಗಳ ಬ್ಯಾಕ್ಟೀರಿಯಾಗಳು ಕಡ್ಡಿಯ ಆಕಾರದವು. ಸುತ್ತಮುತ್ತ ಆಹಾರ ತೀರುತ್ತ ಬಂದಾಗ ಈ ಕಡ್ಡಿಯೊಳಗೇ ಇನ್ನೊಂದು ಚಿಕ್ಕ ಕೋಶ ರಚನೆಯಾಗತೊಡಗುತ್ತದೆ. ಅದರ ಸುತ್ತ ಪದರದ ಮೇಲೆ ಪದರ ಕೂಡುತ್ತದೆ. ಒಳಗಿನ ನೀರಿನ ಅಂಶ ಬಹಳ ಕಡಮೆಯಾಗುತ್ತದೆ. ಕ್ಯಾಲ್ಸಿಯಂ ಮತ್ತು ಡೈಪಿಕೋಲಿನಿಕ್ ಆಮ್ಲ ಸೇರಿ ಒಳತಿರುಳನ್ನು ಬಿಗಿಗೊಳಿಸುತ್ತವೆ. ಕೆಲವು ಗಂಟೆಗಳಲ್ಲಿ ಈ ಕೆಲಸ ಮುಗಿದು ಹೊರಗಿನ ಹಳೆಯ ಕೋಶ ಒಡೆದುಹೋಗುತ್ತದೆ, ಬೀಜಾಣು ಮಾತ್ರ ಉಳಿಯುತ್ತದೆ. ಅದರ ಅಳತೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ಹೆಸರು ಬೀಜಾಣುವಾದರೂ ಇದು ಬೀಜದಂತೆ ಸಂತಾನವೃದ್ಧಿಯ ಸಾಧನವಲ್ಲವೆಂಬುದನ್ನು ಗಮನಿಸತಕ್ಕದ್ದು. ಒಂದು ಬ್ಯಾಕ್ಟೀರಿಯಾದಿಂದ ಒಂದೇ ಬೀಜಾಣು. ಅದು ಎಚ್ಚೆತ್ತರೆ ಮತ್ತೆ ಒಂದೇ ಬ್ಯಾಕ್ಟೀರಿಯಾ. ಅಂದರೆ ಇದು ಉಳಿಯುವ ಉಪಾಯವೇ ಹೊರತು ಹೆಚ್ಚುವ ಉಪಾಯವಲ್ಲ.

ಅನ್ನವಿಲ್ಲ, ನೀರಿಲ್ಲ, ಬೆಳವಣಿಗೆಯಿಲ್ಲ, ಹೀಗೆ ವರ್ಷಗಟ್ಟಲೆ, ದಶಕಗಟ್ಟಲೆ ಇರುವ ಈ ಸ್ಥಿತಿಯನ್ನು ಕೇಳಿದೊಡನೆ ‘ಇದೂ ಒಂದು ಬಗೆಯ ಅನಶನವೇ’ ಎಂದು ಯಾರಿಗಾದರೂ ಅನ್ನಿಸಬಹುದು. ಹೋಲಿಕೆ ರುಚಿಕರವಾಗಿದೆ, ಆದರೆ ಸಲ್ಲುವುದಿಲ್ಲ. ಆಹಾರವು ಎದುರಿಗಿದ್ದೂ ಸಂಕಲ್ಪಪೂರ್ವಕವಾಗಿ ಅದನ್ನು ಬಿಡುವುದು ಉಪವಾಸ. ಬೀಜಾಣುವಾದರೋ ಆಹಾರ ದೊರೆಯದ್ದರಿಂದ ಹಾಗಾದದ್ದು; ದೊರೆತ ಕೆಲವೇ ನಿಮಿಷಗಳಲ್ಲಿ ಕವಚವನ್ನು ಕಳಚಿ ಉಣ್ಣಲು ತೊಡಗುತ್ತದೆ.

ಈ ರೂಪವನ್ನು ಸ್ಪಷ್ಟವಾಗಿ ಕಂಡುಕೊಂಡದ್ದು 1876ರಲ್ಲಿ. ಆ ವರ್ಷ ಫರ್ಡಿನಾಂಡ್ ಕೋನ್ ಎಂಬ ಸಸ್ಯವಿಜ್ಞಾನಿ ಒಣಹುಲ್ಲಿನ ಕಷಾಯದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ವರ್ಣಿಸಿದನು. ಅದೇ ವರ್ಷ ರಾಬರ್ಟ್ ಕಾಖ್ ಎಂಬ ಜರ್ಮನಿಯ ಜಿಲ್ಲಾ ವೈದ್ಯನು ದನ-ಕುರಿಗಳನ್ನು ಕೊಲ್ಲುವ ಅಂಥ್ರಾಕ್ಸ್ ರೋಗಾಣುವಿನ ಜೀವನಚಕ್ರವನ್ನೆಲ್ಲ, ಬೀಜಾಣು ಸಹಿತವಾಗಿ, ತೋರಿಸಿಕೊಟ್ಟನು. ಮರುವರ್ಷ ಇಂಗ್ಲೆಂಡಿನ ಜಾನ್ ಟಿಂಡಾಲ್‌ನಿಗೆ ಒಂದು ತೊಂದರೆ ಎದುರಾಯಿತು. ಎಷ್ಟು ಕುದಿಸಿದರೂ ಒಣಹುಲ್ಲಿನ ಕಷಾಯ ಕೆಡುವುದು ನಿಲ್ಲಲಿಲ್ಲ. ಆಗ ಅವನು ಕಂಡುಕೊಂಡ ಉಪಾಯ ಬುದ್ಧಿವಂತಿಕೆಯದು. ಒಮ್ಮೆ ಸ್ವಲ್ಪ ಹೊತ್ತು ಕುದಿಸಿ ಆರಲು ಬಿಟ್ಟರೆ ಉಳಿದ ಬೀಜಾಣುಗಳು ಅನುಕೂಲ ಸಿಕ್ಕಿತೆಂದು ಮೊಳೆಯುತ್ತವೆ. ಮೊಳೆತ ಮೇಲೆ ಅವು ಸಾಮಾನ್ಯ ಬ್ಯಾಕ್ಟೀರಿಯಾಗಳೇ. ಮರುದಿನ ಮತ್ತೆ ಕುದಿಸಿದರೆ ನಾಶವಾಗುತ್ತವೆ. ಒಂದೇ ಸಲಕ್ಕೆ ಬೀಜಾಣುವನ್ನು ಅಳಿಸಬೇಕಾದರೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಉಷ್ಣತೆಗೆ ಹದಿನೈದು ನಿಮಿಷ ಇರಿಸಬೇಕು. ಆಸ್ಪತ್ರೆಗಳಲ್ಲಿ ಶಸ್ತ್ರಗಳನ್ನು ಆಟೋಕ್ಲೇವಿನಲ್ಲಿ ಇಡುವುದು ಇದಕ್ಕಾಗಿಯೇ.

ಇನ್ನು ನಮ್ಮ ಮಣ್ಣಿಗೆ ಬರೋಣ. ಇಂಡಿ ತಾಲೂಕಿನ ಲಚ್ಯಾಣದ ಸುತ್ತ ನಿಂತು ನೋಡಿದರೆ, ಹೋಟಗಿ-ಗದಗ ರೈಲುಮಾರ್ಗದ ಎರಡೂ ಬದಿಗೆ, ಕಣ್ಣು ಹೋಗುವಷ್ಟು ದೂರವೂ ಎರೆಹೊಲ. ಬಿಸಿಲಿಗೆ ಬಾಯ್ಬಿಡುವ, ಮಳೆಗೆ ಕಾಲು ಹಿಡಿದು ಬಿಡದ ಈ ಕರಿಮಣ್ಣು ಬಿಳಿಜೋಳಕ್ಕೆ ಎಷ್ಟು ಒಗ್ಗುವುದೋ ಬೀಜಾಣುಗಳಿಗೂ ಅಷ್ಟೇ ಒಗ್ಗುವಂಥದು. ಕ್ಯಾಲ್ಸಿಯಂ ಹೆಚ್ಚಾಗಿದ್ದು ಕ್ಷಾರಗುಣವುಳ್ಳ ಮಣ್ಣಿನಲ್ಲಿ ಅಂಥ್ರಾಕ್ಸಿನ ಬೀಜಾಣುಗಳು ದೀರ್ಘಕಾಲ ಉಳಿಯುವವೆಂದು ಬಲ್ಲವರ ಅಭಿಪ್ರಾಯ; ಸುಣ್ಣದ ಹರಳುಗಳು ಬೆರೆತ ನಮ್ಮ ಎರೆಮಣ್ಣು ಅದೇ ಜಾತಿಯದು.

ಈ ಭಾಗದ ಒಕ್ಕಲಿಗರಿಗೆ ಚಪ್ಪೆ ಬೇನೆಯ ಪರಿಚಯ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಗಳು ಬಿದ್ದು ಹೊಸ ಹುಲ್ಲು ಚಿಗುರಿದಾಗ, ನಿನ್ನೆಯವರೆಗೆ ಚೆನ್ನಾಗಿದ್ದ ಹೋರಿ ಇಂದು ಮುಂಜಾನೆ ಕುಂಟುತ್ತದೆ. ತೊಡೆಯೋ ಭುಜವೋ ಬಾತಿರುತ್ತದೆ. ಹಿರಿಯರು ಬಾವಿನ ಮೇಲೆ ಅಂಗೈಯಿಟ್ಟು ಒತ್ತಿ ನೋಡುತ್ತಾರೆ. ಒಣಗಿದ ಎಲೆಯನ್ನು ಹಿಸುಕಿದಂತೆ ಚರಚರ ಸಪ್ಪಳ ಕೇಳಿದರೆ ಅವರ ಮುಖ ಸಣ್ಣದಾಗುತ್ತದೆ. ಚಿಕ್ಕಂದಿನಲ್ಲಿ ನೆರೆಮನೆಯ ಖಿಲಾರಿ ಹೋರಿಯೊಂದು ಹೀಗೆ ಹೊತ್ತು ಮುಳುಗುವುದರೊಳಗೆ ನೆಲ ಹಿಡಿದದ್ದನ್ನು ಈ ಲೇಖಕನು ಕಂಡದ್ದುಂಟು. ಮನೆಯ ಯಜಮಾನರು ಆ ಹೋರಿಯನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದರು. ‘ಕಣ್ಣು ತಾಗಿತು, ಅಷ್ಟು ಮೈದುಂಬಿತ್ತು ನೋಡಪ್ಪಾ’ ಎಂದು ಅವರು ಹಲುಬುತ್ತಿದ್ದರು.

ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಚಪ್ಪೆ ಬೇನೆಯು ಬಡಕಲು ದನವನ್ನಲ್ಲ, ಆರು ತಿಂಗಳಿಂದ ಎರಡು ವರ್ಷದೊಳಗಿನ ಮೈದುಂಬಿದ ಪ್ರಾಯದ ದನವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಕಾರಣವು ಕಣ್ಣಿನ ದೋಷವಲ್ಲ, ಕ್ಲಾಸ್ಟ್ರಿಡಿಯಂ ಶೋವಿಯೈ ಎಂಬ ಬ್ಯಾಕ್ಟೀರಿಯಾ. ಮಣ್ಣಿನಲ್ಲಿರುವ ಅದರ ಬೀಜಾಣುಗಳು ಮೇವಿನೊಡನೆ ಹೊಟ್ಟೆಗೆ ಹೋಗಿ, ಕರುಳಿನಿಂದ ರಕ್ತದ ಮೂಲಕ ಮಾಂಸಖಂಡಗಳನ್ನು ಸೇರಿ ಅಲ್ಲಿ ಸುಮ್ಮನೆ ಮಲಗಿರುತ್ತವೆ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಆಗದು. ರಕ್ತ ಚೆನ್ನಾಗಿ ಹರಿಯುವ ಮಾಂಸದಲ್ಲಿ ಅದು ಏಳಲಾರದು. ಆದರೆ ಗುದ್ದು ಬಿದ್ದೋ ಎಡವಿಯೋ ಮಾಂಸ ಜಜ್ಜಿಹೋದಾಗ ಅಲ್ಲಿ ರಕ್ತ ನಿಂತು ಆಮ್ಲಜನಕ ಕಡಮೆಯಾಗುತ್ತದೆ. ಬೀಜಾಣುವಿಗೆ ಬೇಕಾದ್ದು ಅದೇ. ಅದು ಮೊಳೆತು ಹೆಚ್ಚಿ, ಮಾಂಸವನ್ನು ಕೊಳೆಯಿಸುವ ವಿಷವನ್ನೂ ವಾಯುವನ್ನೂ ಹುಟ್ಟಿಸುತ್ತದೆ. ಚರಚರ ಸಪ್ಪಳ ಆ ವಾಯುವಿನದು. ಬಹುಪಾಲು ಒಂದೆರಡು ದಿನದೊಳಗೆ ದನ ಸಾಯುತ್ತದೆ. ಪೆನಿಸಿಲಿನ್ ಔಷಧವಿದೆಯಾದರೂ ಬಾವು ಕಂಡ ಮೇಲೆ ಕೊಟ್ಟದ್ದು ಫಲಿಸುವುದು ಅಪರೂಪ. ಮಳೆಗಾಲಕ್ಕೆ ಮೊದಲೇ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದೇ ದಾರಿ. ಕುರಿಗಳಲ್ಲಿ ಇದೇ ಕುಲದ ಇನ್ನೊಂದು ಬ್ಯಾಕ್ಟೀರಿಯಾದಿಂದ ಕರುಳು ಬೇನೆ ಬರುವುದು, ಅದಕ್ಕೂ ಲಸಿಕೆಯಿದೆ.

ಚಪ್ಪೆ ಬೇನೆ ದನದಲ್ಲಿಯೇ ಮುಗಿಯುತ್ತದೆ, ಮನುಷ್ಯನಿಗೆ ತಾಗುವುದಿಲ್ಲವೆನ್ನಬಹುದು. ಅಂಥ್ರಾಕ್ಸ್ ಹಾಗಲ್ಲ. ನಮ್ಮಲ್ಲಿ ನೆರಡಿ ರೋಗವೆಂದು ಕರೆಯಿಸಿಕೊಳ್ಳುವ ಇದು ಕರ್ನಾಟಕದಲ್ಲಿ ನೆಲೆಯೂರಿರುವ ರೋಗ. ಅದರಲ್ಲಿಯೂ ಕುರಿ-ಆಡುಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವಂಥದು. ರೋಗದ ಲಕ್ಷಣ ಕಾಣುವ ಮೊದಲೇ ಪ್ರಾಣಿ ಧೊಪ್ಪನೆ ಬಿದ್ದು ಸಾಯುವುದುಂಟು. ಸತ್ತ ಪ್ರಾಣಿಯ ಹೊಟ್ಟೆ ಬೇಗ ಉಬ್ಬುತ್ತದೆ, ಮೈ ಸೆಟೆಯುವುದಿಲ್ಲ, ಮೂಗು-ಬಾಯಿ-ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತದೆ.

ಇಲ್ಲಿ ವಾಚಕರು ಒಂದು ಮಾತನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಅಂಥ್ರಾಕ್ಸಿನ ಬ್ಯಾಕ್ಟೀರಿಯಾ ಬೀಜಾಣುವಾಗಬೇಕಾದರೆ ಗಾಳಿಯ ಆಮ್ಲಜನಕ ಬೇಕು. ಮುಚ್ಚಿದ ಹೆಣದೊಳಗೆ ಅದಕ್ಕೆ ಆ ಅವಕಾಶವಿಲ್ಲ. ಕೊಳೆಯುವಿಕೆಯಲ್ಲಿ ಕೆಲವೇ ದಿನಗಳಲ್ಲಿ ತಾನೇ ಸಾಯುತ್ತದೆ. ಚರ್ಮಕ್ಕಾಗಿಯೋ ‘ಏನಾಗಿತ್ತು ನೋಡೋಣ’ ಎಂಬ ಕುತೂಹಲಕ್ಕಾಗಿಯೋ ಹೆಣವನ್ನು ಕೊಯ್ದರೆ ಮಾತ್ರ ರಕ್ತ ನೆಲಕ್ಕೆ ಹರಿದು, ಗಾಳಿ ತಾಗಿ, ಅದರಲ್ಲಿನ ಬ್ಯಾಕ್ಟೀರಿಯಾಗಳೆಲ್ಲ ಬೀಜಾಣುಗಳಾಗುತ್ತವೆ. ಒಂದು ಚೂರಿಯ ಗೀರು ಒಂದು ಹೊಲವನ್ನು ಹಲವು ದಶಕಗಳವರೆಗೆ ಕೆಡಿಸಬಲ್ಲದು. ಫ್ರಾನ್ಸಿನ ರೈತರು ಇಂಥ ಜಾಗಗಳನ್ನು ‘ಶಾಪಗ್ರಸ್ತ ಹೊಲಗಳು’ ಎಂದೇ ಕರೆಯುತ್ತಿದ್ದರು. ಹಿಂದೆ ಹೂಳಿದ ಹೆಣದ ಬೀಜಾಣುಗಳು ಮತ್ತೆ ಮೇಲಕ್ಕೆ ಬರುವುದನ್ನು ಕಂಡ ಲೂಯಿ ಪಾಶ್ಚರನು ಎರೆಹುಳುಗಳು ಅವನ್ನು ಹೊತ್ತು ತರುವವೆಂದು ಹೇಳಿದನು. 1881ರ ಮೇ ತಿಂಗಳಲ್ಲಿ ಪೂಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ಅವನು ಅಂಥ್ರಾಕ್ಸಿನ ಲಸಿಕೆಯನ್ನು ಜನರೆದುರು ಪರೀಕ್ಷಿಸಿದ್ದು ಪ್ರಸಿದ್ಧವಾಗಿದೆ. ಲಸಿಕೆ ಹಾಕದೆ ರೋಗಾಣುವನ್ನು ಚುಚ್ಚಿದ ಕುರಿಗಳೆಲ್ಲ ಎರಡು ಮೂರು ದಿನಗಳಲ್ಲಿ ಸತ್ತವು. ಆ ಕುರಿಗಳನ್ನು ನೆನೆದರೆ ನಮ್ಮಂಥವರ ಮನಸ್ಸು ಇಂದಿಗೂ ಅಳುಕುತ್ತದೆ; ಆದರೂ ಆ ನಂತರ ಉಳಿದ ಕುರಿಗಳ ಲೆಕ್ಕವೂ ಸಣ್ಣದಲ್ಲವೆಂಬುದನ್ನು ಮರೆಯಲಾಗದು. ಈಗ ದನಗಳಿಗೆ ಹಾಕುವ ಲಸಿಕೆಯು ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಬೇರ್ಪಡಿಸಿದ, ರೋಗ ತರುವ ಶಕ್ತಿ ಕಳೆದುಕೊಂಡ ತಳಿಯ ಬೀಜಾಣುಗಳಿಂದಲೇ ಆದದ್ದು. ಬೆಂಗಳೂರಿನ ಹೆಬ್ಬಾಳದಲ್ಲಿ, ದೊಡ್ಡ ರೋಗಕ್ಕೆ ಮದ್ದು ತಯಾರಿಸುವುದಕ್ಕಾಗಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಿಂದ ಆರಂಭವಾದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯು ಅಂಥ್ರಾಕ್ಸ್ ಹಾಗೂ ಚಪ್ಪೆ ಬೇನೆ ಎರಡಕ್ಕೂ ಲಸಿಕೆಗಳನ್ನು ತಯಾರಿಸುತ್ತ ಬಂದಿದೆ. ದೊಡ್ಡ ರೋಗವು 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತು. ಬೀಜಾಣು ಕಟ್ಟುವ ರೋಗಗಳಿಗೆ ಅಂಥ ನಿರ್ಮೂಲನ ಸಾಧ್ಯವಾಗುವಂತೆ ಕಾಣುವುದಿಲ್ಲ. ಅವುಗಳ ಮನೆ ದನದ ಮೈಯಲ್ಲ, ಮಣ್ಣು.

ಮಣ್ಣು ಎಷ್ಟು ಕಾಲ ಕಾಯಬಲ್ಲದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 1942ರಲ್ಲಿ ಬ್ರಿಟಿಷರು ಸ್ಕಾಟ್ಲೆಂಡಿನ ಗ್ರೂಯಿನಾರ್ಡ್ ದ್ವೀಪದಲ್ಲಿ ಯುದ್ಧಾಸ್ತ್ರವಾಗಿ ಅಂಥ್ರಾಕ್ಸ್ ಬೀಜಾಣುಗಳನ್ನು ಪ್ರಯೋಗಿಸಿದರು. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ನೆಲವನ್ನೆಲ್ಲ ತೋಯಿಸಿದ ಮೇಲೆ, 1990ರಲ್ಲಿ ಮಾತ್ರ ಅದು ನಿರಪಾಯಕರವೆಂದು ಘೋಷಿಸಲಾಯಿತು. ರಷ್ಯದ ಯಮಾಲ್ ಪ್ರದೇಶದಲ್ಲಿ 1941ರಿಂದೀಚೆಗೆ ಕಾಣದಿದ್ದ ಅಂಥ್ರಾಕ್ಸ್, 2016ರ ಬೇಸಗೆಯಲ್ಲಿ ಹೆಪ್ಪುಗಟ್ಟಿದ ನೆಲ ಕರಗಿದಾಗ ಮತ್ತೆ ಎದ್ದು ಎರಡು ಸಾವಿರಕ್ಕೂ ಮಿಕ್ಕಿ ಹಿಮಸಾರಂಗಗಳನ್ನು ಬಲಿ ತೆಗೆದುಕೊಂಡಿತು. ಒಬ್ಬ ಬಾಲಕನೂ ತೀರಿಹೋದನು.

ಮನುಷ್ಯರಿಗೆ ಈ ರೋಗ ಬಹುತೇಕ ಚರ್ಮದ ಮೂಲಕ ಬರುತ್ತದೆ. ಸತ್ತ ಪ್ರಾಣಿಯನ್ನು ಮುಟ್ಟಿದವರ ಕೈ-ತೋಳಿನ ಗೀರುಗಾಯದಲ್ಲಿ ಬೀಜಾಣು ಸೇರಿ, ಮೊದಲು ತುರಿಸುವ ಗುಳ್ಳೆ, ಆಮೇಲೆ ನೋವಿಲ್ಲದ, ನಡುವೆ ಇದ್ದಲಿನಂತೆ ಕಪ್ಪಾದ ಹುಣ್ಣು ಆಗುತ್ತದೆ. ಅಂಥ್ರಾಕ್ಸ್ ಎಂಬ ಗ್ರೀಕ್ ಶಬ್ದಕ್ಕೆ ಇದ್ದಲು ಎಂದೇ ಅರ್ಥ. ನೋವಿಲ್ಲವೆಂದು ಅಲಕ್ಷಿಸುವುದೇ ಇಲ್ಲಿನ ಅಪಾಯ. ಬೇಗ ವೈದ್ಯರಿಗೆ ತೋರಿಸಿದರೆ ಸಾಮಾನ್ಯ ಪ್ರತಿಜೀವಕಗಳಿಂದಲೇ ಗುಣವಾಗುತ್ತದೆ. ಬಿಟ್ಟರೆ ಐವರಲ್ಲಿ ಒಬ್ಬರವರೆಗೂ ಪ್ರಾಣಹಾನಿಯಾಗಬಹುದು. ಉಣ್ಣೆಯ ಧೂಳಿನೊಡನೆ ಬೀಜಾಣು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಬಹಳ ಭಯಂಕರ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಉಣ್ಣೆ ವಿಂಗಡಿಸುವ ಕೂಲಿಕಾರರು ಹೀಗೆ ಸತ್ತರು. ಆದಕಾರಣ ಗೋಶಾಲೆಯಲ್ಲಾಗಲಿ ಮನೆಯಲ್ಲಾಗಲಿ ದನ ಹಠಾತ್ತಾಗಿ ಸತ್ತರೆ ಕೊಯ್ಯಬಾರದು, ಸುಲಿಯಬಾರದು, ಎಳೆದಾಡಬಾರದು, ಪಶುವೈದ್ಯರನ್ನು ಕರೆಸಬೇಕು. 1962 ಎಂಬ ದೂರವಾಣಿ ಸಂಖ್ಯೆಯಿಂದ ಪಶುಚಿಕಿತ್ಸಾ ವಾಹನವನ್ನು ಕರೆಯುವ ಏರ್ಪಾಡು ರಾಜ್ಯದಲ್ಲಿದೆ. ಹೆಣವನ್ನು ಸುಡುವುದು ಉತ್ತಮ. ಆಗದಿದ್ದಲ್ಲಿ ಬಾವಿ-ಹಳ್ಳಗಳಿಂದ ದೂರ ಆಳವಾಗಿ, ಇಡಿಯಾಗಿ ಹೂಳತಕ್ಕದ್ದು. ದನದ ಮೇಲಿನ ಪ್ರೀತಿಯಿಂದ ಮೈತೊಳೆದು, ಅರಿಸಿನ-ಕುಂಕುಮವಿಟ್ಟು ಕಳಿಸುವ ಪದ್ಧತಿ ಉಳ್ಳವರು ಇಂಥ ಸಾವಿನಲ್ಲಿ ದೂರದಿಂದಲೇ ಕೈಮುಗಿಯಬೇಕಾಗುತ್ತದೆ.

ದನದ ಸೆಗಣಿಯಲ್ಲಿಯೂ ತಿಪ್ಪೆಯ ಮಣ್ಣಿನಲ್ಲಿಯೂ ನೆಲೆಸಿರುವ ಇನ್ನೊಂದು ಬೀಜಾಣು ಧನುರ್ವಾಯುವಿನದು. ಸೂಕ್ಷ್ಮದರ್ಶಕದಲ್ಲಿ ಇದು ಒಂದು ತುದಿಗೆ ಗುಂಡು ಇರುವ ನಗಾರಿಯ ಕೋಲಿನಂತೆ ಕಾಣುತ್ತದೆ. ಮುಳ್ಳು ಅಥವಾ ಮೊಳೆ ಚುಚ್ಚಿದ ಆಳವಾದ ಗಾಯದಲ್ಲಿ, ಮೇಲೆ ಬಾಯಿ ಮುಚ್ಚಿಕೊಂಡು ಒಳಗೆ ಆಮ್ಲಜನಕವಿಲ್ಲದಲ್ಲಿ, ಅದು ಮೊಳೆಯುತ್ತದೆ. ಬ್ಯಾಕ್ಟೀರಿಯಾ ಗಾಯದಲ್ಲಿಯೇ ಉಳಿಯುತ್ತದೆ. ಅದರ ವಿಷ ಮಾತ್ರ ನರಗಳ ಗುಂಟ ಏರಿ ಬೆನ್ನುಹುರಿಯನ್ನು ತಲುಪುತ್ತದೆ. ಸ್ನಾಯುವನ್ನು ಸಡಿಲಿಸಲು ಬೇಕಾದ ಸಂಕೇತವನ್ನು ಆ ವಿಷ ತಡೆಯುವುದರಿಂದ ಬಿಗಿದ ಸ್ನಾಯು ಬಿಗಿದೇ ಉಳಿದು, ಮೊದಲು ದವಡೆ ಕಚ್ಚಿಕೊಳ್ಳುತ್ತದೆ, ಕಡೆಗೆ ಮೈ ಬಿಲ್ಲಿನಂತೆ ಬಾಗುತ್ತದೆ. ರೋಗವನ್ನು ಉಂಟುಮಾಡುವ ವಿಷದ ಪ್ರಮಾಣ ಎಷ್ಟು ಅಲ್ಪವೆಂದರೆ, ಬದುಕಿ ಉಳಿದವರಿಗೂ ಅದರಿಂದ ರೋಗನಿರೋಧ ಬರುವುದಿಲ್ಲ. ಅವರೂ ಲಸಿಕೆ ಹಾಕಿಸಿಕೊಳ್ಳಬೇಕು. ಬರಿಗಾಲಿನಿಂದ ತ್ಯಾಗಿಗಳ ವಿಹಾರದಲ್ಲಿ ಹಿಂಬಾಲಿಸುವ ಶ್ರಾವಕರು, ಕ್ಷೇತ್ರಯಾತ್ರೆಗೆ ಪಾದಚಾರಿಗಳಾಗಿ ಹೊರಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಹತ್ತು ವರ್ಷಕ್ಕೊಮ್ಮೆ ಒಂದು ಚುಚ್ಚುಮದ್ದು ದೊಡ್ಡ ಶ್ರಮವೇನಲ್ಲ.

ಇದಕ್ಕಿಂತ ಕರುಣಾಜನಕವಾದುದು ಹಸುಗೂಸಿನ ಧನುರ್ವಾಯು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಕೊಯ್ದು, ಗಾಯಕ್ಕೆ ಸೆಗಣಿಯ ಬೂದಿ ಹಚ್ಚುವ ರೂಢಿ ಹಳ್ಳಿಗಳಲ್ಲಿ ಇತ್ತು. ವಾರದ ಹೊತ್ತಿಗೆ ಮಗು ಮೊಲೆ ಚೀಪುವುದನ್ನು ಬಿಡುತ್ತಿತ್ತು, ಬಾಯಿ ಬಿಗಿಯುತ್ತಿತ್ತು. ಇದಕ್ಕೆ ಗಾಳಿ ಸೋಂಕು, ಬಾಲಗ್ರಹ ಎಂದೆಲ್ಲ ಹೆಸರು ಕೊಟ್ಟದ್ದಾಯಿತು. ಗರ್ಭಿಣಿಗೆ ಎರಡು ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು ಇವು ಮೂರೂ ಸೇರಿ ಈ ಸಾವನ್ನು ತಡೆದವು. 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ನಿವಾರಣೆಯೆಂದರೆ ಬೀಜಾಣು ಇಲ್ಲವಾಯಿತೆಂದಲ್ಲ. ಕೊಟ್ಟಿಗೆಯ ಮಣ್ಣಿನಲ್ಲಿ ಅದು ಅಂದಿನಂತೆಯೇ ಇದೆ.

ಹಸುಗೂಸಿನ ಮಾತು ಬಂದುದರಿಂದ ಜೇನಿನ ವಿಷಯವನ್ನೂ ಹೇಳಬೇಕು. ಹುಟ್ಟಿದ ಮಗುವಿನ ನಾಲಗೆಗೆ ಜೇನುತುಪ್ಪ ನೆಕ್ಕಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಜೇನಿನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲಾರವು. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸಿ, ಕೈಕಾಲುಗಳನ್ನು ನಿತ್ರಾಣಗೊಳಿಸಿ ಉಸಿರಾಟವನ್ನೇ ನಿಲ್ಲಿಸಬಲ್ಲವು. ಮಧುತ್ಯಾಗವು ನಮ್ಮಲ್ಲಿ ಮೂಲಗುಣಗಳಲ್ಲೊಂದು. ಆದುದರಿಂದ ನೇಮವುಳ್ಳ ಮನೆಯ ಕೂಸುಗಳಿಗೆ ಈ ಅಪಾಯ ತಾನಾಗಿಯೇ ತಪ್ಪಿದೆ. ಹಾಗೆಂದು ‘ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು’ ಎಂದು ಸಾರುವವರ ಸಾಲಿಗೆ ಸೇರಲು ನನಗೆ ಮನಸ್ಸಿಲ್ಲ. ಆ ತ್ಯಾಗ ನಿಂತಿರುವುದು ಅಹಿಂಸೆಯ ಮೇಲೆ; ಅದಕ್ಕೆ ಪ್ರಯೋಗಶಾಲೆಯ ಪ್ರಶಸ್ತಿಪತ್ರ ಬೇಕಾಗಿಲ್ಲ.

ಬಾಟುಲಿಸಂ ಬ್ಯಾಕ್ಟೀರಿಯಾ ಹುಳಿಗೆ ಹೆದರುತ್ತದೆ. ಇಂಡಿಯ ನಿಂಬೆಹಣ್ಣಿನ ಉಪ್ಪಿನಕಾಯಿ ಭರಣಿಯಲ್ಲಿ ಅದು ಬೆಳೆಯಲಾರದು. ಹುಳಿಯಿಲ್ಲದ ತರಕಾರಿಯನ್ನು ಬರಿಯ ಎಣ್ಣೆಯಲ್ಲಿ ಮುಳುಗಿಸಿ ಮುಚ್ಚಿಟ್ಟರೆ ಮಾತ್ರ ಆಮ್ಲಜನಕವಿಲ್ಲದ ಅನುಕೂಲವನ್ನು ನಾವೇ ಒದಗಿಸಿದಂತಾಗುತ್ತದೆ.

ಕೊನೆಯದಾಗಿ ಅನ್ನದ ವಿಚಾರ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುತ್ತವೆ. ಅನ್ನ ಬೇಯುವಾಗ ಅವು ಸಾಯುವುದಿಲ್ಲ. ಬಿಸಿ ಅನ್ನವನ್ನು ಕೂಡಲೆ ಉಂಡರೆ ತೊಂದರೆಯೂ ಇಲ್ಲ. ಆದರೆ ಅನ್ನ ಉಗುರುಬೆಚ್ಚಗಾಗಿ ಗಂಟೆಗಟ್ಟಲೆ ನಿಂತರೆ ಬೀಜಾಣುಗಳು ಮೊಳೆತು ವಾಂತಿ ತರುವ ವಿಷವನ್ನು ಬಿಡುತ್ತವೆ. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಪ್ರಾರಂಭ. ಈ ವಿಷದ ವಿಶೇಷವೆಂದರೆ, ಬ್ಯಾಕ್ಟೀರಿಯಾ ಸತ್ತರೂ ಅದು ಕೆಡುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿಟ್ಟು ಮತ್ತೆ ಬೇಯಿಸಿದರೂ ಹೋಗುವುದಿಲ್ಲ. ‘ತಂಗಳಾದರೇನು, ಚೆನ್ನಾಗಿ ಕಾಸಿಕೊಂಡೆ’ ಎಂಬ ಸಮಾಧಾನ ಇಲ್ಲಿ ನಡೆಯದು.

ರಾತ್ರಿ ಉಳಿದ ಅನ್ನವನ್ನು ಮರುದಿನ ಬಳಸದ ಮನೆಗಳಲ್ಲಿ ಈ ಭಯ ಕಡಮೆ. ಆದರೆ ದಶಲಕ್ಷಣ ಪರ್ವದ ಸಾಮೂಹಿಕ ಪಾರಣೆಗಳಲ್ಲಿ ನಾವು ಎಚ್ಚರದಪ್ಪುವುದುಂಟು. ಭಾದ್ರಪದದ ಸೆಕೆ, ಬೆಳಿಗ್ಗೆಯೇ ಮಾಡಿಟ್ಟ ಅನ್ನ ದೊಡ್ಡ ಹಂಡೆಯಲ್ಲಿ, ಪೂಜೆ-ಪ್ರವಚನಗಳು ಮುಗಿಯುವಾಗ ಮಧ್ಯಾಹ್ನ. ದೊಡ್ಡ ಪಾತ್ರೆಯ ನಡುಭಾಗ ಬೇಗ ಆರುವುದಿಲ್ಲ, ಬಿಸಿಯಾಗಿಯೂ ಉಳಿಯುವುದಿಲ್ಲ. ಬೀಜಾಣುವಿಗೆ ಅದು ಹೇಳಿ ಮಾಡಿಸಿದ ಬೆಚ್ಚನೆ. ಹಲವು ದಿನ ಉಪವಾಸವಿದ್ದು ಬಳಲಿದ ವೃದ್ಧರಿಗೆ ಅಂಥ ಅನ್ನವನ್ನು ಬಡಿಸಿದರೆ, ಒಂದು ದಿನದ ವಾಂತಿಯೂ ಅವರ ಪಾಲಿಗೆ ಹಗುರವಾದ ವಿಷಯವಲ್ಲ. ಅಡಿಗೆಯ ಹೊಣೆ ಹೊತ್ತವರು ಅನ್ನವನ್ನು ಪಂಕ್ತಿ ಕೂಡುವ ಹೊತ್ತಿಗೆ ಸರಿಯಾಗಿ, ಚಿಕ್ಕ ಪಾತ್ರೆಗಳಲ್ಲಿ, ಎರಡು ಮೂರು ಸಲ ಮಾಡಿಸಲಿ. ಪ್ರವಚನ ಅರ್ಧ ಗಂಟೆ ಹೆಚ್ಚು ನಡೆಯುವಂತಿದ್ದರೆ ಅಡಿಗೆಮನೆಗೆ ಮೊದಲೇ ತಿಳಿಸಲಿ.

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಮರಳಿದರೆ, ಕುದಿಸಿ ಆರಿಸಿದ ನೀರಿನಲ್ಲಿ ಉಳಿದಿರಬಹುದಾದ ನಾಲ್ಕಾರು ಬೀಜಾಣುಗಳು ಆರೋಗ್ಯವಂತರ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಏನನ್ನೂ ಮಾಡದೆ ಹೊರಟುಹೋಗುತ್ತವೆ. ನೀರನ್ನು ಕುಡಿಯಲು ಕುದಿಸಿದರೆ ಸಾಕು. ಗಾಯಕ್ಕೆ ತಾಗುವ ಶಸ್ತ್ರವನ್ನು, ಸೂಜಿಯನ್ನು ಮಾತ್ರ ಬರಿಯ ಕುದಿನೀರಿನಲ್ಲಿ ಅದ್ದಿ ಶುದ್ಧವಾಯಿತೆಂದು ನಂಬಬಾರದು.